ಕಹಿ ಬಜೆಟ್ ಪಾಸು ಮಾಡಿದ ಪಕ್ಷ ಸೋಲುತ್ತದೆಯೇ? ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬಜೆಟ್ ಅಧಿವೇಶನ ಮುಗಿದ ವಾರ ಬಳ್ಳಾರಿಯ ರಾಯಲ್ ವೃತ್ತದಿಂದ ಗಂಗಾವತಿಯ ಅಕ್ಕಿ ಗಿರಣಿಗಳ ತನಕ ಒಂದೇ ಭವಿಷ್ಯ ಕೇಳಿಬರುತ್ತದೆ: ‘ಈ ಸಲ ಇವರು ಮನೆಗೆ ಹೋಗುವುದು ಖಂಡಿತ.’ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಮಾತು ಬದಲಾಗುವುದಿಲ್ಲ. ಈ ಭವಿಷ್ಯ ಎಷ್ಟು ನಿಜ ಎಂದು ಕೇಳುವವರಿಗಾಗಿ ಈ ಪುಟ. ಉತ್ತರಗಳಲ್ಲಿ ಅಂಕಿ ಅಂಶವೂ ಇದೆ, ನನ್ನ ಅಭಿಪ್ರಾಯವೂ ಇದೆ. ಎರಡನ್ನೂ ಬೇರ್ಪಡಿಸಿಕೊಳ್ಳುವುದು ಓದುಗರಿಗೆ ಕಷ್ಟವಾಗದು.

ಸುತ್ತು ಬಳಸದೆ ಹೇಳಿ: ಜನರಿಗೆ ಹಿಡಿಸದ ಬಜೆಟ್ ಅಂಗೀಕರಿಸಿದ ಪಕ್ಷಕ್ಕೆ ಏಟು ಬೀಳುತ್ತದೆಯೇ?

ಬೀಳುತ್ತದೆ, ಆದರೆ ನಾವು ಅಂದುಕೊಂಡಷ್ಟು ಸಲ ಬೀಳುವುದಿಲ್ಲ. ಹೊರೆ ಮತದಾನಕ್ಕೆ ಮುಂಚೆಯೇ ಮನೆಗೆ ಬಂದು ಮುಟ್ಟಿರಬೇಕು. ಹೊರಿಸಿದವರು ಇವರೇ ಎಂದು ಬೆರಳು ಮಾಡಿ ತೋರಿಸುವಂತಿರಬೇಕು. ಆ ಸಿಟ್ಟನ್ನು ಎತ್ತಿಕೊಳ್ಳಬಲ್ಲ ಅಭ್ಯರ್ಥಿ ಎದುರಿಗಿರಬೇಕು. ಈ ಮೂರೂ ಕೂಡಿದಾಗ ಸರ್ಕಾರಗಳು ನೆಲಕಚ್ಚಿದ್ದುಂಟು. ಆದರೆ ಆಳುವವರೂ ಲೆಕ್ಕ ಬಲ್ಲವರು. ಮೂರರಲ್ಲಿ ಒಂದಾದರೂ ಕೂಡದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ರಾಜ್ಯದ ಎಲ್ಲ ಪಕ್ಷಗಳೂ ಪಳಗಿವೆ.

ನಮ್ಮ ಬಳ್ಳಾರಿಯದೇ ಉದಾಹರಣೆ ಇದೆಯೇ?

ಇದೆ, ಅದೂ ಪ್ರಯೋಗಾಲಯದಲ್ಲಿ ಇಟ್ಟು ನೋಡಿದಷ್ಟು ಸ್ಪಷ್ಟವಾಗಿ. 2018ರ ಜುಲೈ 5ರಂದು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಜೆಟ್ ಮಂಡಿಸಿದರು. ಒಂದು ಕೈಯಲ್ಲಿ ಸುಮಾರು 34 ಸಾವಿರ ಕೋಟಿ ರೂಪಾಯಿಯ ಬೆಳೆ ಸಾಲ ಮನ್ನಾ. ಇನ್ನೊಂದು ಕೈಯಲ್ಲಿ ಅದಕ್ಕೆ ಹಣ ಹೊಂದಿಸುವ ತೆರಿಗೆ: ಪೆಟ್ರೋಲ್ ಮೇಲಿನ ತೆರಿಗೆ ಶೇ 30ರಿಂದ 32ಕ್ಕೆ, ಡೀಸೆಲ್ ಮೇಲಿನದು ಶೇ 19ರಿಂದ 21ಕ್ಕೆ. ಮದ್ಯ ಮತ್ತು ವಿದ್ಯುತ್ ಬಳಕೆಯ ಮೇಲಿನ ತೆರಿಗೆಯೂ ಏರಿತು. ಬೈಗುಳಕ್ಕೆ ಬರವಿರಲಿಲ್ಲ.

ನಾಲ್ಕು ತಿಂಗಳಲ್ಲಿ, ಅಂದರೆ ನವೆಂಬರ್‌ನಲ್ಲಿ, ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಬಿ. ಶ್ರೀರಾಮುಲು ವಿಧಾನಸಭೆಗೆ ಹೋಗಿದ್ದರಿಂದ ತೆರವಾದ ಸ್ಥಾನ, ಕಣದಲ್ಲಿ ಬಿಜೆಪಿಯಿಂದ ಅವರ ಸಹೋದರಿ ಜೆ. ಶಾಂತಾ. ಗೆದ್ದದ್ದು ಕಾಂಗ್ರೆಸ್‌ನ ವಿ.ಎಸ್. ಉಗ್ರಪ್ಪ, ಅದೂ 2.43 ಲಕ್ಷ ಮತಗಳ ಅಂತರದಿಂದ. ತೆರಿಗೆ ಏರಿಸಿದ ಸರ್ಕಾರ ಸೋಲುವುದಿರಲಿ, ಬಿಜೆಪಿಯ ಭದ್ರಕೋಟೆ ಎನಿಸಿದ್ದ ಕ್ಷೇತ್ರವನ್ನೇ ಕಿತ್ತುಕೊಂಡಿತ್ತು.

ಇದರ ನಡುವೆ ಒಂದು ಸಣ್ಣ ಘಟನೆ ಇದೆ, ಯಾರೂ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ, ವಿಮೋಚನಾ ದಿನದಂದು, ಮುಖ್ಯಮಂತ್ರಿಗಳು ಪೆಟ್ರೋಲ್ ಮತ್ತು ಡೀಸೆಲ್ ದರವನ್ನು ಲೀಟರಿಗೆ 2 ರೂಪಾಯಿ ಇಳಿಸುವುದಾಗಿ ಘೋಷಿಸಿದರು. ಉಪಚುನಾವಣೆ ಮುಗಿದು ಹೊಸ ವರ್ಷ ಕಾಲಿಟ್ಟ ಮೊದಲ ವಾರ, 2019ರ ಜನವರಿಯಲ್ಲಿ, ತೆರಿಗೆ ಮತ್ತೆ ಶೇ 32 ಮತ್ತು 21ಕ್ಕೆ ಮರಳಿತು. ಇಂಧನದ ಪೇಟೆ ದರ ಆಗ ಇಳಿದಿತ್ತು, ಹಾಗಾಗಿ ಬಂಕಿನಲ್ಲಿ ಯಾರಿಗೂ ಹೆಚ್ಚು ಉರಿಯಲಿಲ್ಲ. ತೆರಿಗೆ ಏರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ.

2019ರ ಮೇ ತಿಂಗಳಲ್ಲಿ ಅದೇ ಉಗ್ರಪ್ಪ ಅದೇ ಬಳ್ಳಾರಿಯಲ್ಲಿ ಬಿಜೆಪಿಯ ವೈ. ದೇವೇಂದ್ರಪ್ಪ ಅವರ ಎದುರು ಸೋತರು. ಡೀಸೆಲ್ ತೆರಿಗೆಯಿಂದ ಸೋತರೇ? ಹಾಗೆಂದು ನಾನು ಹೇಳಲಾರೆ. ಅದು ಪ್ರಧಾನಿಯನ್ನು ಆರಿಸುವ ಚುನಾವಣೆ ಎಂದು ಜನ ತಿಳಿದಿದ್ದರು. ಆರು ತಿಂಗಳ ಅಂತರದಲ್ಲಿ ಕ್ಷೇತ್ರ ಮಗುಚಿಕೊಂಡದ್ದಕ್ಕೆ ಬಜೆಟ್ ಕಾರಣ ಎಂದರೆ, ನವೆಂಬರ್ ಗೆಲುವಿಗೂ ಅದೇ ಬಜೆಟ್ ಕಾರಣ ಎನ್ನಬೇಕಾಗುತ್ತದೆ.

2024ರಲ್ಲಿ ಕಾಂಗ್ರೆಸ್ ಸರ್ಕಾರದವರು ಡೀಸೆಲ್ ದರ ಏರಿಸಿಯೂ ಸಂಡೂರಿನಲ್ಲಿ ಗೆದ್ದರಲ್ಲ? ಜನರಿಗೆ ಸಿಟ್ಟೇ ಬರುವುದಿಲ್ಲವೇ?

ಬರುತ್ತದೆ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಕಲ್ಯಾಣ ಕರ್ನಾಟಕದಲ್ಲಿ ಲೋಕಸಭೆಗೆ ಮತದಾನ ನಡೆದದ್ದು 2024ರ ಮೇ 7ರಂದು. ಫಲಿತಾಂಶ ಜೂನ್ 4ಕ್ಕೆ. ಮಾರಾಟ ತೆರಿಗೆ ಏರಿಕೆಯ ಆದೇಶ ಜೂನ್ 15ಕ್ಕೆ: ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ, ಡೀಸೆಲ್ ಸುಮಾರು ಮೂರೂವರೆ ರೂಪಾಯಿ ದುಬಾರಿಯಾಯಿತು. ನವೆಂಬರ್ ಹೊತ್ತಿಗೆ ಸಂಡೂರಿನಲ್ಲಿ ಉಪಚುನಾವಣೆ ನಡೆದಾಗ ಐದು ತಿಂಗಳು ಕಳೆದಿದ್ದವು. ಕಾಂಗ್ರೆಸ್‌ನ ಇ. ಅನ್ನಪೂರ್ಣಾ 9 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಶಿಗ್ಗಾವಿ, ಚನ್ನಪಟ್ಟಣಗಳೂ ಅದೇ ಪಕ್ಷಕ್ಕೆ ಒಲಿದವು.

ಇನ್ನೊಂದು ಕಾರಣವೂ ಇದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೆ ಮೊಬೈಲಿಗೆ ಸಂದೇಶ ಬರುತ್ತದೆ. ಡೀಸೆಲ್‌ನ ಮೂರೂವರೆ ರೂಪಾಯಿಗೆ ಯಾವ ಸಂದೇಶವೂ ಇಲ್ಲ. ಅದು ಟ್ರ್ಯಾಕ್ಟರ್ ಬಾಡಿಗೆಯೊಳಗೆ, ಭತ್ತ ಕಟಾವು ಯಂತ್ರದ ಗಂಟೆಯ ದರದೊಳಗೆ, ಎಪಿಎಂಸಿಗೆ ಹತ್ತಿ ಸಾಗಿಸುವ ಲಾರಿಯ ಬಾಡಿಗೆಯೊಳಗೆ ಕರಗಿ ಹೋಗುತ್ತದೆ. ಸಿರುಗುಪ್ಪದ ರೈತ ಬೈಯುವುದು ಯಂತ್ರದ ಮಾಲೀಕನನ್ನು, ವಿಧಾನಸೌಧವನ್ನಲ್ಲ. ಗಡಿಯಾಚೆ ಆಂಧ್ರದಲ್ಲಿ ಡೀಸೆಲ್ ಇನ್ನೂ ದುಬಾರಿ. ಆ ಕಡೆಯ ಲಾರಿಗಳು ನಮ್ಮ ಬಂಕುಗಳಿಗೆ ಬಂದು ತುಂಬಿಸಿಕೊಂಡು ಹೋಗುವುದನ್ನು ಕಣ್ಣಾರೆ ಕಾಣುವವರಿಗೆ ‘ನಮ್ಮಲ್ಲೇ ವಾಸಿ’ ಎಂಬ ಸರ್ಕಾರದ ಸಮರ್ಥನೆ ಪೂರ್ತಿ ಸುಳ್ಳು ಎನಿಸುವುದೂ ಇಲ್ಲ.

ಈ ಡೀಸೆಲ್ ತೆರಿಗೆ ಬಜೆಟ್‌ನಲ್ಲೇ ಇತ್ತೇ? ವಿಧಾನಸಭೆ ಒಪ್ಪಿತ್ತೇ?

ಇಲ್ಲ. ಇದು ತುಂಬ ಜನ ಗಮನಿಸದ ಸಂಗತಿ. ಸಂವಿಧಾನದ 202ನೇ ವಿಧಿಯಂತೆ ಆಯವ್ಯಯ ಪತ್ರ ಮಂಡನೆಯಾಗುತ್ತದೆ, 203ರಂತೆ ಇಲಾಖಾವಾರು ಬೇಡಿಕೆಗಳಿಗೆ ಮತ, 204ರಂತೆ ಧನ ವಿನಿಯೋಗ ಮಸೂದೆ. ತೆರಿಗೆ ಕಾಯ್ದೆಯನ್ನೇ ತಿದ್ದಬೇಕಾದರೆ ಪ್ರತ್ಯೇಕ ಮಸೂದೆ ಬೇಕು. ಆದರೆ ಇಂಧನದ ಮಾರಾಟ ತೆರಿಗೆಯ ದರವನ್ನು ಇರುವ ಕಾಯ್ದೆಯಡಿ ಅಧಿಸೂಚನೆಯಿಂದಲೇ ಬದಲಿಸಬಹುದು. ಸದನದಲ್ಲಿ ಕೈ ಎತ್ತುವ ಪ್ರಮೇಯವೇ ಬರುವುದಿಲ್ಲ. 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆದದ್ದೂ ಹೀಗೆಯೇ. ಅದೇ ದಿನ ನಂದಿನಿ ಹಾಲಿನ ದರವೂ ಲೀಟರಿಗೆ 4 ರೂಪಾಯಿ ಏರಿತು. ಆ ವರ್ಷ ಜನವರಿಯಲ್ಲಿ ಬಸ್ ಪ್ರಯಾಣ ದರ ಶೇ 15ರಷ್ಟು ಏರಿತ್ತು. ಮಾರ್ಚ್ 7ರ ಬಜೆಟ್ ಭಾಷಣವನ್ನು ಮೊದಲಿಂದ ಕೊನೆಯವರೆಗೆ ಓದಿದವನಿಗೂ ಆ ವರ್ಷದ ನಿಜವಾದ ಹೊರೆ ಪೂರ್ತಿ ಕಾಣುತ್ತಿರಲಿಲ್ಲ.

ಬೆಲೆ ಏರಿಕೆಗೆ ಸದನದ ಮುದ್ರೆ ಬಿದ್ದ ಉದಾಹರಣೆಯೂ ಉಂಟು. 2023ರ ಡಿಸೆಂಬರ್‌ನಲ್ಲಿ ಮುದ್ರಾಂಕ ಕಾಯ್ದೆಗೆ ತಿದ್ದುಪಡಿಯಾಗಿ ಅಫಿಡವಿಟ್‌ನ ಛಾಪಾ ಶುಲ್ಕ 20 ರೂಪಾಯಿಯಿಂದ 100ಕ್ಕೆ ಹೋಯಿತು. ಐದು ಪಟ್ಟು! ತಹಶೀಲ್ದಾರ್ ಕಚೇರಿಯ ಮುಂದೆ ಬರೆಯುವವರ ಬಳಿ ನಿಂತವರೆಲ್ಲ ಗೊಣಗಿದರು. ಅದು ಜಾರಿಗೆ ಬಂದ ಕೆಲವೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಲೋಕಸಭಾ ಕ್ಷೇತ್ರಗಳನ್ನು ಆಡಳಿತ ಪಕ್ಷವೇ ಗೆದ್ದಿತು.

ನಮ್ಮ ಶಾಸಕರು ಬಜೆಟ್‌ಗೆ ವಿರುದ್ಧವಾಗಿ ಮತ ಹಾಕಬಹುದಿತ್ತಲ್ಲ?

ಹಾಕಿದರೆ ಸ್ಥಾನ ಹೋಗುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದ ಬಂದ ಹತ್ತನೇ ಅನುಸೂಚಿ ಪ್ರಕಾರ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಉಲ್ಲಂಘಿಸಿದ ಶಾಸಕ ಅನರ್ಹನಾಗಬಹುದು. ಧನ ಮಸೂದೆಯಲ್ಲಿ ಸೋತ ಸರ್ಕಾರ ರಾಜೀನಾಮೆ ಕೊಡಬೇಕು ಎಂಬ ಸಂಪ್ರದಾಯವೂ ಇದೆ. ವಿಧಾನ ಪರಿಷತ್ತಿಗಂತೂ ಧನ ಮಸೂದೆಯನ್ನು 14 ದಿನ ಇಟ್ಟುಕೊಂಡು ಶಿಫಾರಸು ಮಾಡುವುದನ್ನು ಬಿಟ್ಟರೆ ಬೇರೆ ಅಧಿಕಾರವಿಲ್ಲ. ಹೀಗಾಗಿ ‘ನಮ್ಮ ಶಾಸಕ ಏಕೆ ಒಪ್ಪಿದ’ ಎಂಬ ಪ್ರಶ್ನೆಗೆ ನಮ್ಮಲ್ಲಿ ಅರ್ಥ ಕಡಿಮೆ. ಅವರನ್ನು ಕೇಳಬೇಕಾದದ್ದು ಬಜೆಟ್ ಸಿದ್ಧವಾಗುವ ಮುಂಚೆ, ಜನವರಿಯಲ್ಲಿ, ‘ನಮ್ಮ ತಾಲ್ಲೂಕಿನ ಯಾವ ಕೆಲಸಕ್ಕೆ ಪತ್ರ ಕೊಟ್ಟಿದ್ದೀರಿ’ ಎಂದು.

ಅಮೆರಿಕದ ಕಥೆ ಬೇರೆ. ಅಲ್ಲಿ ಪ್ರತಿಯೊಬ್ಬ ಸದಸ್ಯನ ಮತವೂ ಅವನ ಹೆಸರಿನಲ್ಲೇ ಉಳಿಯುತ್ತದೆ, ಚುನಾವಣೆಯಲ್ಲಿ ಎದುರಾಳಿ ಅದನ್ನು ಎತ್ತಿ ತೋರಿಸುತ್ತಾನೆ. 1993ರಲ್ಲಿ ಬಿಲ್ ಕ್ಲಿಂಟನ್ ಅವರ ತೆರಿಗೆ ಏರಿಕೆಯ ಬಜೆಟ್ ಕೆಳಮನೆಯಲ್ಲಿ 218–216ರಲ್ಲಿ ಪಾಸಾಯಿತು. ರಿಪಬ್ಲಿಕನ್ನರಲ್ಲಿ ಒಬ್ಬರೂ ಬೆಂಬಲಿಸಲಿಲ್ಲ. ಕೊನೆ ಗಳಿಗೆಯಲ್ಲಿ ಪರವಾಗಿ ಮತ ಹಾಕಿದ ಪೆನ್ಸಿಲ್ವೇನಿಯಾದ ಮಾರ್ಜರಿ ಮಾರ್ಗೊಲೀಸ್-ಮೆಜ್ವಿನ್ಸ್ಕಿ ಮರುವರ್ಷ ಸೋತರು. ಅವರ ಪಕ್ಷ ಕೆಳಮನೆಯಲ್ಲಿ 54 ಸ್ಥಾನ ಕಳೆದುಕೊಂಡು, 40 ವರ್ಷಗಳ ಹಿಡಿತವನ್ನೇ ಬಿಟ್ಟುಕೊಟ್ಟಿತು.

ಅಂದರೆ ಹೊರದೇಶಗಳಲ್ಲಿ ಏಟು ಬೀಳುತ್ತದೆ?

ಅಲ್ಲಿಯೂ ಒಂದೇ ಸಮನಾಗಿಲ್ಲ. ಕೆನಡಾದ ಬ್ರಯನ್ ಮಲ್ರೋನಿ ಸರ್ಕಾರ 1991ರ ಜನವರಿ 1ರಿಂದ ಶೇ 7ರ ಸರಕು ಮತ್ತು ಸೇವಾ ತೆರಿಗೆ ಹೇರಿತು. ಪ್ರತಿ ರಸೀದಿಯಲ್ಲೂ ಬೇರೆಯಾಗಿ ಅಚ್ಚಾಗುವ ತೆರಿಗೆ. 1993ರಲ್ಲಿ ಆ ಪಕ್ಷ ಗೆದ್ದದ್ದು ಎರಡೇ ಸ್ಥಾನ. ತೆರಿಗೆಯನ್ನು ತೆಗೆದು ಬೇರೆಯದನ್ನು ತರುತ್ತೇವೆ ಎಂದು ಬಂದ ಲಿಬರಲ್ ಪಕ್ಷ ಅದನ್ನು ತೆಗೆಯಲಿಲ್ಲ, ಆದರೂ 1997ರಲ್ಲಿ ಮತ್ತೆ ಗೆದ್ದಿತು. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ತಂದ ತಲೆಗಂದಾಯ 1990ರ ಮಾರ್ಚ್‌ನಲ್ಲಿ ಲಂಡನ್ನಿನ ಬೀದಿಗೆ ಬೆಂಕಿ ಹಚ್ಚಿತು. ನವೆಂಬರ್‌ನಲ್ಲಿ ಅವರು ಕೆಳಗಿಳಿದರು. ಬದಲಿಗೆ ಬಂದ ಜಾನ್ ಮೇಜರ್ ಆ ಕಂದಾಯವನ್ನು ಕೈಬಿಡುವುದಾಗಿ ಘೋಷಿಸಿದರು, 1992ರಲ್ಲಿ ಅದೇ ಪಕ್ಷ ಗೆದ್ದಿತು. ನಾಯಕಿಯ ತಲೆ ಹೋಯಿತು, ಪಕ್ಷ ಉಳಿಯಿತು.

2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ–ವೆಚ್ಚ ಕಾನೂನಿನಲ್ಲಿ ಈ ಜಾಣತನ ಎದ್ದು ಕಾಣುತ್ತದೆ. ಕೆಳಮನೆಯಲ್ಲಿ 218–214, ಸೆನೆಟ್‌ನಲ್ಲಿ ಉಪಾಧ್ಯಕ್ಷರ ನಿರ್ಣಾಯಕ ಮತದಿಂದ 51–50. ಟಿಪ್ಸ್ ಆದಾಯಕ್ಕೆ ರಿಯಾಯಿತಿ 2025ರ ತೆರಿಗೆ ವರ್ಷದಿಂದಲೇ. ಬಡವರ ಆರೋಗ್ಯ ವಿಮೆಯಾದ ಮೆಡಿಕೈಡ್ ಪಡೆಯಲು ದುಡಿಮೆಯ ಷರತ್ತು ಮಾತ್ರ 2027ರ ಜನವರಿಯ ಗಡುವಿನೊಂದಿಗೆ. ನಡುವೆ 2026ರ ನವೆಂಬರ್ ಮಧ್ಯಂತರ ಚುನಾವಣೆ. ಕೊಡುವುದು ಮೊದಲು, ಕಿತ್ತುಕೊಳ್ಳುವುದು ಮತ ಎಣಿಕೆಯಾದ ಮೇಲೆ. ಕಲಬುರಗಿಯ 2 ರೂಪಾಯಿಗೂ ವಾಷಿಂಗ್ಟನ್ನಿನ ಈ ಲೆಕ್ಕಕ್ಕೂ ದೊಡ್ಡ ವ್ಯತ್ಯಾಸವೇನೂ ಇಲ್ಲ.

ಹಾಗಾದರೆ ಜನಪ್ರಿಯ ಬಜೆಟ್ ಗೆಲ್ಲಿಸುತ್ತದೆಯೇ?

ಅದಕ್ಕೂ ಖಾತರಿ ಇಲ್ಲ. 2013ರಿಂದ 2018ರ ತನಕ ಸಿದ್ದರಾಮಯ್ಯ ಅನ್ನಭಾಗ್ಯ ಕೊಟ್ಟರು, ಸಹಕಾರ ಸಂಘಗಳ ಸಾಲದಲ್ಲಿ 50 ಸಾವಿರ ರೂಪಾಯಿವರೆಗೆ ಮನ್ನಾ ಮಾಡಿದರು. 2018ರಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಹೆಚ್ಚು ಮತ ಪ್ರಮಾಣ ಬಂದರೂ ಸ್ಥಾನ 80ಕ್ಕೆ ಇಳಿಯಿತು. ಇನ್ನೊಂದು ಕಡೆ, ಐದು ಗ್ಯಾರಂಟಿಗಳ ನಂತರ 2024ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದದ್ದು 28ರಲ್ಲಿ 9. ಅದರಲ್ಲಿ ಐದು ಕಲ್ಯಾಣ ಕರ್ನಾಟಕದವೇ: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಇಲ್ಲಿ ಎಲ್ಲವನ್ನೂ ಬಾಚಿಕೊಂಡು ಉಳಿದೆಡೆ ಸೋತದ್ದನ್ನು ನೋಡಿದರೆ, ತಿಂಗಳಿಗೆ 2,000 ರೂಪಾಯಿಯ ತೂಕ ಬೆಂಗಳೂರಿನಲ್ಲಿ ಒಂದು, ಮಸ್ಕಿಯಲ್ಲಿ ಇನ್ನೊಂದು ಎಂದು ನನಗೆ ತೋರುತ್ತದೆ. ಹಾಗೆಂದು ಇದನ್ನೇ ಪೂರ್ತಿ ಕಾರಣ ಎನ್ನಲೂ ಬಾರದು, ಮಲ್ಲಿಕಾರ್ಜುನ ಖರ್ಗೆಯವರ ನೆಲ ಇದು. ಕೊಟ್ಟದ್ದು ತಡವಾದರೆ ಮಾತ್ರ ಅದೇ ಹಣ ತಿರುಗಿ ಬೀಳುತ್ತದೆ. ಗೃಹಲಕ್ಷ್ಮಿಯ ಕಂತು ಎರಡು ತಿಂಗಳು ಬಾರದಿದ್ದರೆ ಅಂಗನವಾಡಿಯ ಮುಂದೆ ಆಗುವ ಚರ್ಚೆ, ಯಾವ ತೆರಿಗೆ ಏರಿಕೆಗೂ ಆಗುವುದಿಲ್ಲ.

ಕರ್ನಾಟಕದಲ್ಲಿ ಆಡಳಿತ ಪಕ್ಷ ಹೇಗೂ ಸೋಲುತ್ತದಲ್ಲ?

ಹೌದು, ಅದೇ ಈ ವಿಷಯದ ದೊಡ್ಡ ತೊಡಕು. 1985ರಲ್ಲಿ ರಾಮಕೃಷ್ಣ ಹೆಗಡೆ ಗೆದ್ದ ಮೇಲೆ 2023ರವರೆಗೆ ಅವಧಿ ಮುಗಿಸಿ ಚುನಾವಣೆಗೆ ಹೋದ ಯಾವ ಪಕ್ಷವೂ ಬಹುಮತದೊಂದಿಗೆ ಮರಳಿಲ್ಲ. ಒಳ್ಳೆಯ ಬಜೆಟ್ ಕೊಟ್ಟವರೂ ಸೋತರು, ಕೆಟ್ಟದ್ದು ಕೊಟ್ಟವರೂ ಸೋತರು.

ಪೆಟ್ರೋಲ್ ದುಬಾರಿಯಾದರೆ ಕೇಂದ್ರವನ್ನು ಬೈಯಬೇಕೋ, ರಾಜ್ಯವನ್ನೋ?

ಇಬ್ಬರ ತೆರಿಗೆಯೂ ಅದರಲ್ಲಿದೆ, ಅದಕ್ಕೇ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. 2021ರ ನವೆಂಬರ್ 2ರಂದು ಹಾನಗಲ್ ಉಪಚುನಾವಣೆಯಲ್ಲಿ ಬಿಜೆಪಿ ಸೋತಿತು, ದೇಶದ ಬೇರೆಡೆಯೂ ಕೆಲವು ಕಡೆ ಏಟು ತಿಂದಿತು. ಮರುದಿನವೇ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲ್‌ಗೆ 5, ಡೀಸೆಲ್‌ಗೆ 10 ರೂಪಾಯಿ ಇಳಿಸಿತು. ರಾಜ್ಯವೂ 7 ರೂಪಾಯಿ ಇಳಿಸಿತು. ಸೋಲಿನ ಭಯ ಇದ್ದೇ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಣೆ ಯಾರದು ಎಂಬುದು ಎಷ್ಟು ಕಲಸಿಹೋಗಬಹುದು ಎಂಬುದಕ್ಕೆ 2019ರ ಜುಲೈ ನೆನಪಿಸಿಕೊಳ್ಳಿ. 23ರಂದು ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ ಬಿತ್ತು. 29ರಂದು ಬಿ.ಎಸ್. ಯಡಿಯೂರಪ್ಪ ಬಹುಮತ ಸಾಬೀತುಪಡಿಸಿ, ತಾವು ಕೆಡವಿದ ಸರ್ಕಾರ ಸಿದ್ಧಪಡಿಸಿದ್ದ ಹಣಕಾಸು ಮಸೂದೆಯನ್ನೇ ಚರ್ಚೆಯಿಲ್ಲದೆ ಪಾಸು ಮಾಡಿಸಿದರು. ಆ ಬಜೆಟ್ ಯಾರದು? ಮತದಾರ ಯಾರಿಗೆ ಶಿಕ್ಷೆ ಕೊಡಬೇಕಿತ್ತು?

ಹಾಗಿದ್ದರೆ ನಮ್ಮ ಭಾಗದ ಜನ ನಿಜವಾಗಿ ಸಿಟ್ಟಾಗುವುದು ಯಾವುದಕ್ಕೆ?

ಬಜೆಟ್‌ನಲ್ಲಿ ಇರುವುದಕ್ಕಿಂತ ಇಲ್ಲದ್ದಕ್ಕೆ. ಹೇರಿದ ತೆರಿಗೆಯನ್ನು ಮರೆಯುವ ಜನ, ಬಾರದ ನೀರನ್ನು ಮರೆಯುವುದಿಲ್ಲ.

ಮಸ್ಕಿಯನ್ನೇ ನೋಡಿ. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆದಾಗ ರಾಜ್ಯದಲ್ಲಿ, ದೆಹಲಿಯಲ್ಲಿ ಎರಡೂ ಕಡೆ ಬಿಜೆಪಿ ಸರ್ಕಾರ. ಹಣ, ಮಂತ್ರಿಗಳ ದಂಡು ಎಲ್ಲವೂ ಇತ್ತು. ಕಾಂಗ್ರೆಸ್ ಬಿಟ್ಟು ಬಂದಿದ್ದ ಪ್ರತಾಪಗೌಡ ಪಾಟೀಲರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಬಸನಗೌಡ ತುರ್ವಿಹಾಳರ ಎದುರು ಸೋತರು. ಪಕ್ಷಾಂತರದ ಸಿಟ್ಟು ಒಂದು ಕಾರಣ. ಜೊತೆಗೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನಡೆದ ಧರಣಿ. ಅಲ್ಲಿ ಯಾರೂ ತೆರಿಗೆ ದರ ಕೇಳಲಿಲ್ಲ, ಕಾಲುವೆ ಕೇಳಿದರು.

ಕೊಪ್ಪಳ ಜಿಲ್ಲೆಯ ನವಲಿ ಸಮಾನಾಂತರ ಜಲಾಶಯದ್ದೂ ಇದೇ ಕಥೆ. ತುಂಗಭದ್ರಾ ಅಣೆಕಟ್ಟು 133 ಟಿಎಂಸಿ ಅಡಿ ಸಾಮರ್ಥ್ಯದಿಂದ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಿಕೊಳ್ಳಲು ಯೋಚಿಸಿದ ನವಲಿಯ ಹೆಸರು ಬಜೆಟ್ ಭಾಷಣಗಳಲ್ಲಿ ಬಂದು ಹೋಗುತ್ತಲೇ ಇದೆ, ಪಕ್ಷಭೇದವಿಲ್ಲದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಕೊನೆ ಭಾಗದ ಮಾನ್ವಿ, ಸಿರವಾರ ರೈತರಿಗೆ ಭಾಷಣಕ್ಕೂ ಕಬ್ಬಿಣಕ್ಕೂ ಇರುವ ಅಂತರ ಕಂಡಿತು. ರಾಯಚೂರಿಗೆ ಏಮ್ಸ್ ಬೇಕೆಂಬ ಧರಣಿ 2022ರಲ್ಲಿ ಶುರುವಾಗಿ ಸಾವಿರ ದಿನ ದಾಟಿತು. ರಾಜ್ಯ ಕೇಂದ್ರಕ್ಕೆ ಪತ್ರ ಬರೆಯುತ್ತದೆ, ಕೇಂದ್ರದ ಬಜೆಟ್ ಬರುತ್ತದೆ, ಹೆಸರು ಇರುವುದಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯಡಿಯ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಎಂಬ ಅಂಕಿ ಈಚಿನ ವರ್ಷಗಳ ಪ್ರತಿ ಬಜೆಟ್‌ನಲ್ಲೂ ಕೇಳುತ್ತೇವೆ. ಇಟ್ಟದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಮೂರು ಬೇರೆ ಬೇರೆ ಲೆಕ್ಕಗಳಿವೆ. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಮೊದಲನೆಯದು ಮಾತ್ರ.

ದರ ಏರಿಕೆಯಿಂದಲೇ ಸರ್ಕಾರ ಬಿದ್ದ ಉದಾಹರಣೆ ನೆರೆಯಲ್ಲೂ ಇಲ್ಲವೇ?

ಆಂಧ್ರದಲ್ಲಿ ಇದೆ ಎನ್ನಬಹುದು. 2000ದಲ್ಲಿ ಚಂದ್ರಬಾಬು ನಾಯ್ಡು ಅವರ ವಿದ್ಯುತ್ ಸುಧಾರಣೆಯಿಂದ ದರ ಏರಿ, ಆಗಸ್ಟ್ 28ರಂದು ಹೈದರಾಬಾದಿನ ಬಷೀರ್‌ಬಾಗ್‌ನಲ್ಲಿ ಪ್ರತಿಭಟನಕಾರರ ಮೇಲೆ ಗೋಲಿಬಾರ್ ನಡೆಯಿತು. 2004ರಲ್ಲಿ ತೆಲುಗುದೇಶಂ 294ರಲ್ಲಿ 47ಕ್ಕೆ ಕುಸಿಯಿತು. ವೈ.ಎಸ್. ರಾಜಶೇಖರ ರೆಡ್ಡಿ ಅಧಿಕಾರ ಹಿಡಿದ ದಿನವೇ ಸಹಿ ಹಾಕಿದ್ದು ರೈತರ ಉಚಿತ ವಿದ್ಯುತ್ ಕಡತಕ್ಕೆ. ನಡುವೆ ಭೀಕರ ಬರವೂ ಇತ್ತು ಎಂಬುದನ್ನು ಮರೆಯಬಾರದು. ಆದರೆ ಕರೆಂಟ್ ಬಿಲ್ಲಿಗೂ ಡೀಸೆಲ್‌ಗೂ ವ್ಯತ್ಯಾಸವಿದೆ: ಬಿಲ್ಲು ಮನೆಗೇ ಬರುತ್ತದೆ, ಅದರ ಮೇಲೆ ಮೊತ್ತವಿರುತ್ತದೆ. ಅಂದಿನಿಂದ ನಮ್ಮಲ್ಲೂ ಪಂಪ್‌ಸೆಟ್ ದರದ ತಂಟೆಗೆ ಹೋಗುವ ಧೈರ್ಯವನ್ನು ಯಾರೂ ಮಾಡಿಲ್ಲ.

ಜಿಎಸ್‌ಟಿ ಬಂದಾಗ ಕೌಲ್ ಬಜಾರಿನ ಜೀನ್ಸ್ ಘಟಕಗಳವರು ಅಷ್ಟು ಒದ್ದಾಡಿದರು. ಅದರ ಪರಿಣಾಮ?

ಇದೇ ಪ್ರಶ್ನೆಯನ್ನು 2017ರಲ್ಲಿ ಸೂರತ್‌ನ ಜವಳಿ ವ್ಯಾಪಾರಿಗಳ ಬಗ್ಗೆ ಇಡೀ ದೇಶ ಕೇಳಿತ್ತು. ಅವರು ಬೀದಿಗಿಳಿದಿದ್ದರು. ಡಿಸೆಂಬರ್‌ನ ವಿಧಾನಸಭಾ ಚುನಾವಣೆ ಫಲಿತಾಂಶದಲ್ಲಿ ಗುಜರಾತಿನಾದ್ಯಂತ ಬಿಜೆಪಿ 99ಕ್ಕೆ ಇಳಿದರೂ, ಸೂರತ್ ಜಿಲ್ಲೆಯ 16ರಲ್ಲಿ 15 ಅದಕ್ಕೇ ಸಿಕ್ಕವು. ಗಟ್ಟಿಯಾಗಿ ಪ್ರತಿಭಟಿಸುವವರೆಲ್ಲ ಪಕ್ಷ ಬದಲಿಸುವುದಿಲ್ಲ.

ಪರಿಶಿಷ್ಟರ ಉಪಯೋಜನೆ ಹಣವನ್ನು ಗ್ಯಾರಂಟಿಗಳಿಗೆ ಬಳಸಿದ್ದು?

2013ರ ಕಾಯ್ದೆಯಡಿ ಮೀಸಲಿಟ್ಟ ಹಣದಲ್ಲಿ 2023–24ರಲ್ಲಿ 11 ಸಾವಿರ ಕೋಟಿಗೂ, ಮರುವರ್ಷ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಸರ್ಕಾರದ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಎಲ್ಲರಿಗೂ ಕೊಡುವುದನ್ನು ಇವರ ಪಾಲಿನಿಂದ ಕೊಟ್ಟರೆ, ಇವರಿಗೆಂದೇ ಆಗಬೇಕಿದ್ದ ಹಾಸ್ಟೆಲ್, ಕೊಳವೆಬಾವಿ ನಿಲ್ಲುತ್ತವೆ. ಆದರೆ ಮತದ ಲೆಕ್ಕ ಬೇರೆ ಹೇಳಿತು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಬಳ್ಳಾರಿ, ರಾಯಚೂರು ಲೋಕಸಭಾ ಕ್ಷೇತ್ರಗಳೂ ಸಂಡೂರು ವಿಧಾನಸಭಾ ಕ್ಷೇತ್ರವೂ ಆಡಳಿತ ಪಕ್ಷಕ್ಕೇ ದಕ್ಕಿದವು. ಅನ್ಯಾಯ ಮತ್ತು ಚುನಾವಣಾ ನಷ್ಟ ಎರಡೂ ಒಟ್ಟಿಗೆ ಬರಲೇಬೇಕೆಂದಿಲ್ಲ.

ಗಣಿ ತೆರಿಗೆ ಮಸೂದೆ?

2024ರ ಜುಲೈ 25ರ ಸುಪ್ರೀಂ ಕೋರ್ಟ್ ತೀರ್ಪು ಖನಿಜಗಳ ಮೇಲೆ ತೆರಿಗೆ ಹಾಕುವ ಹಕ್ಕು ರಾಜ್ಯಗಳಿಗಿದೆ ಎಂದಿತು. ಡಿಸೆಂಬರ್‌ನಲ್ಲಿ ನಮ್ಮ ವಿಧಾನಮಂಡಲ ಮಸೂದೆ ಅಂಗೀಕರಿಸಿತು. ಗಣಿ ಮಾಲೀಕರಿಗೆ ಅದು ಹಿಡಿಸಲಿಲ್ಲ. ಸಂಡೂರಿನ ದೂಳು ಕುಡಿಯುವವರು ಅದನ್ನು ವಿರೋಧಿಸಿದ್ದನ್ನು ನಾನಂತೂ ಕೇಳಿಲ್ಲ. ‘ಜನವಿರೋಧಿ’ ಎಂಬ ಮಾತು ಕಿವಿಗೆ ಬಿದ್ದಾಗ ಯಾವ ಜನ ಎಂದು ಕೇಳಿ.

ಮುಂದೆ ಯಾವ ಬಜೆಟ್ ಮೇಲೆ ಕಣ್ಣಿಡಬೇಕು?

ಚುನಾವಣಾ ವರ್ಷದ್ದನ್ನು ಬಿಟ್ಟು ಅದರ ಹಿಂದಿನ ಎರಡು. ವಿಧಾನಸಭೆಯ ಅವಧಿ 2028ರ ತನಕ ಇದೆ. ಕೊನೆಯ ಬಜೆಟ್ ಯಾವ ಪಕ್ಷದ್ದಾದರೂ ಸಿಹಿಯಾಗಿಯೇ ಇರುತ್ತದೆ, ಕಹಿ ಕೆಲಸವೆಲ್ಲ ಅದಕ್ಕೂ ಮುಂಚೆ ಮುಗಿದಿರುತ್ತದೆ. ಭಾಷಣದ ಜೊತೆಗೆ ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರದ ಅಧಿಸೂಚನೆಗಳನ್ನೂ, ಉಪಚುನಾವಣೆ ಮುಗಿದ ತಿಂಗಳಿನ ಆದೇಶಗಳನ್ನೂ ಓದಿ.

ಇನ್ನೊಂದು ಮಾತು. ಬಜೆಟ್ ಬಗ್ಗೆ ಹಳ್ಳಿಯ ಸಿಟ್ಟು ಹೊರಬೀಳಲು ಸರಿಯಾದ ಜಾಗ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಪ್ರಕರಣ ಎಂದು ಬಿಜೆಪಿ ಸರ್ಕಾರವೂ ಕಾಂಗ್ರೆಸ್ ಸರ್ಕಾರವೂ ಅದನ್ನು ವರ್ಷಗಟ್ಟಲೆ ಮುಂದೂಡಿವೆ. ಬಜೆಟ್‌ನಿಂದ ತಮಗೆ ನಷ್ಟವಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದ್ದರೆ, ಈ ಚುನಾವಣೆ ನಡೆಸಲು ಯಾರಿಗೂ ಇಷ್ಟು ಹಿಂಜರಿಕೆ ಇರುತ್ತಿರಲಿಲ್ಲ.